ಸೈಪ್ರಸ್: ವಿಭಜಿತ ದ್ವೀಪದಲ್ಲಿ ವಾಸ

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿರುವ ದ್ವೀಪ. ಸಿಸಿಲಿ ಮತ್ತು ಸಾರ್ಡಿನಿಯಾಗಳನ್ನು ಬಿಟ್ಟರೆ ಆ ಸಮುದ್ರದಲ್ಲಿ ಇದಕ್ಕಿಂತ ದೊಡ್ಡ ದ್ವೀಪವಿಲ್ಲ. ವಿಸ್ತೀರ್ಣ 9,251 ಚದರ ಕಿ.ಮೀ. 1974ರಿಂದೀಚೆಗೆ ಪೂರ್ವ–ಪಶ್ಚಿಮವಾಗಿ ಹಾದಿರುವ ಸುಮಾರು 180 ಕಿ.ಮೀ. ಉದ್ದದ ಗೆರೆಯೊಂದು ಅದನ್ನು ಎರಡಾಗಿ ಸೀಳಿದೆ. ದಕ್ಷಿಣದಲ್ಲಿ ಗ್ರೀಕ್ ಸೈಪ್ರಿಯಟರು ನಡೆಸುವ ಸೈಪ್ರಸ್ ಗಣರಾಜ್ಯದ ಸರ್ಕಾರವಿದೆ. ಅದು ವಿಶ್ವಸಂಸ್ಥೆಯ ಮತ್ತು ಯುರೋಪಿಯನ್ ಒಕ್ಕೂಟದ ಸದಸ್ಯ. ದ್ವೀಪದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿರುವ ಉತ್ತರದ ನೆಲದಲ್ಲಿ ತುರ್ಕಿ ಸೈಪ್ರಿಯಟರ ಆಡಳಿತವಿದ್ದು, ಅದಕ್ಕೆ ಟರ್ಕಿಯ ಸೇನೆಯ ಬೆಂಬಲವಿದೆ. ಟರ್ಕಿ ಬಿಟ್ಟು ಬೇರೆ ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. ಎರಡರ ನಡುವಿನ ಪಟ್ಟಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಸುಪರ್ದಿಯಲ್ಲಿದೆ. ಸಾಲದ್ದಕ್ಕೆ ದಕ್ಷಿಣ ಕರಾವಳಿಯ ಆಕ್ರೋತಿರಿ ಮತ್ತು ಆಗ್ನೇಯದ ಢೆಕೆಲಿಯಾಗಳಲ್ಲಿ ಬ್ರಿಟನ್ನಿನ ಸಾರ್ವಭೌಮತ್ವಕ್ಕೆ ಸೇರಿದ ಎರಡು ಸೇನಾನೆಲೆಗಳಿವೆ. ಇಷ್ಟು ಸಣ್ಣ ನೆಲದ ಮೇಲೆ ನಾಲ್ಕು ಬಗೆಯ ಆಳ್ವಿಕೆ.

ಹೊಸದಾಗಿ ನೆಲೆಸಲು ಬಂದವರ ಕಣ್ಣಿಗೆ ಈ ಸೀಳು ಮೊದಮೊದಲು ಬೀಳುವುದೇ ಇಲ್ಲ. ಬಿಸಿಲು, ಆಲಿವ್ ಮರ, ರಸ್ತೆಯ ಎಡಬದಿಯ ಸಂಚಾರ, ಬ್ರಿಟಿಷರು ಬಿಟ್ಟುಹೋದ ಮೂರು ಪಿನ್ನಿನ ಚೌಕ ಪ್ಲಗ್ಗು ಎರಡೂ ಕಡೆ ಒಂದೇ. ವಿಭಜನೆ ಎದುರಾಗುವುದು ಕಾಗದಪತ್ರದಲ್ಲಿ. ಯಾವ ವಿಮಾನ ನಿಲ್ದಾಣದಲ್ಲಿ ಇಳಿದದ್ದು, ಕೊಳ್ಳಲು ಹೊರಟ ಮನೆಯ ನೆಲ 1974ಕ್ಕೆ ಮುಂಚೆ ಯಾರ ಹೆಸರಿನಲ್ಲಿತ್ತು, ಕಾರಿನ ವಿಮೆ ಎಲ್ಲಿಯವರೆಗೆ ನಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಗೆರೆಯ ಎರಡು ಬದಿಗಳಲ್ಲಿ ಎರಡು ಉತ್ತರಗಳಿವೆ. ಗಣರಾಜ್ಯದ ಪ್ರಕಾರ ಇಡೀ ದ್ವೀಪ ಒಂದೇ ದೇಶ. ನಡುವಿನದು ಕದನವಿರಾಮದ ಗೆರೆ, ಗಡಿಯಲ್ಲ. ಉತ್ತರದ ಆಡಳಿತಕ್ಕೆ ಅದು ಗಡಿಯೇ. ಹೊಸಬರನ್ನು ಗೊಂದಲಕ್ಕೆ ಸಿಲುಕಿಸುವ ನಿಯಮಗಳಲ್ಲಿ ಬಹುಪಾಲು ಈ ಒಂದು ಭಿನ್ನಾಭಿಪ್ರಾಯದಿಂದಲೇ ಹುಟ್ಟಿದವು.

ವಿಭಜನೆಯ ಹಿನ್ನೆಲೆ

ಮೂರು ಶತಮಾನಗಳ ಆಟೊಮನ್ ಆಳ್ವಿಕೆಯ ನಂತರ 1878ರಲ್ಲಿ ದ್ವೀಪದ ಆಡಳಿತ ಬ್ರಿಟಿಷರ ಕೈಗೆ ಬಂತು. ಬಹುಸಂಖ್ಯಾತರು ಗ್ರೀಕ್ ಭಾಷೆಯ ಆರ್ಥೊಡಾಕ್ಸ್ ಕ್ರೈಸ್ತರು. ಅಲ್ಪಸಂಖ್ಯಾತರು ತುರ್ಕಿ ಭಾಷೆಯ ಮುಸ್ಲಿಮರು. ಹಳ್ಳಿಗಳಲ್ಲಿ ಇಬ್ಬರೂ ಕೂಡಿ ಬಾಳಿದ್ದುಂಟು. 1955ರಲ್ಲಿ ಆರಂಭವಾದ, ಗ್ರೀಕ್ ಸೈಪ್ರಿಯಟರ ಇಯೋಕಾ ಸಂಘಟನೆಯ ಸಶಸ್ತ್ರ ಹೋರಾಟದ ಗುರಿ ಸ್ವತಂತ್ರ ಸೈಪ್ರಸ್ ಆಗಿರಲಿಲ್ಲ, ಗ್ರೀಸಿನೊಂದಿಗೆ ವಿಲೀನವಾಗಿತ್ತು. ತುರ್ಕಿ ಸೈಪ್ರಿಯಟರ ಸಂಘಟನೆಗಳು ಅದಕ್ಕೆ ಎದುರಾಗಿ ದ್ವೀಪದ ವಿಭಜನೆಯನ್ನು ಕೇಳತೊಡಗಿದವು. 1960ರ ಆಗಸ್ಟ್ 16ರಂದು ಸಿಕ್ಕಿದ್ದು ಇಬ್ಬರೂ ಬೇಡದ ಸ್ವಾತಂತ್ರ್ಯ. ಬ್ರಿಟನ್, ಗ್ರೀಸ್, ಟರ್ಕಿ ಈ ಮೂರು ದೇಶಗಳು ಹೊಸ ಗಣರಾಜ್ಯಕ್ಕೆ ಜಾಮೀನು ನಿಂತವು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷರಾದರು, ಫಾಜಿಲ್ ಕುಚುಕ್ ಉಪಾಧ್ಯಕ್ಷರು. ಮುಖ್ಯ ವಿಷಯಗಳಲ್ಲಿ ಇಬ್ಬರಿಗೂ ವೀಟೊ ಅಧಿಕಾರ. ಸರ್ಕಾರಿ ನೌಕರಿಗಳು 70ಕ್ಕೆ 30ರ ಪ್ರಮಾಣದಲ್ಲಿ ಹಂಚಿಕೆಯಾಗಬೇಕೆಂದು ಸಂವಿಧಾನ ವಿಧಿಸಿತ್ತು.

ಈ ವ್ಯವಸ್ಥೆ ಮೂರು ವರ್ಷ ನಡೆಯಿತು. 1963ರ ನವೆಂಬರಿನಲ್ಲಿ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರಿನಲ್ಲಿ ರಕ್ತಪಾತ ಶುರುವಾಯಿತು. ಆ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಎರಡು ಪಕ್ಷಗಳನ್ನು ಬೇರ್ಪಡಿಸುವ ಗೆರೆಯನ್ನು ಹಸಿರು ಪೆನ್ಸಿಲಿನಲ್ಲಿ ಎಳೆದರು. ‘ಹಸಿರು ಗೆರೆ’ ಎಂಬ ಹೆಸರು ಬಂದದ್ದು ಅಲ್ಲಿಂದ. ತುರ್ಕಿ ಸೈಪ್ರಿಯಟರು ಸರ್ಕಾರದ ಹುದ್ದೆಗಳಿಂದ ಹೊರಗಾದರು. ಅವರಲ್ಲಿ ಸಾವಿರಾರು ಜನ ಸಣ್ಣ ಸಣ್ಣ ಕೇರಿಗಳಲ್ಲಿ, ಸುತ್ತುವರಿದ ಪ್ರದೇಶಗಳಲ್ಲಿ ಗುಂಪುಗೂಡಿ ವರ್ಷಗಟ್ಟಲೆ ಕಳೆದರು. ಉಪಾಧ್ಯಕ್ಷರ ಕುರ್ಚಿ ಅಂದಿನಿಂದ ಇಂದಿನವರೆಗೆ ವಸ್ತುತಃ ಖಾಲಿ ಇದೆ. 1974ರಿಂದ ಕಥೆ ಆರಂಭಿಸುವವರಿಗೂ 1963ರಿಂದ ಆರಂಭಿಸುವವರಿಗೂ ದ್ವೀಪದ ಚರಿತ್ರೆ ಬೇರೆ ಬೇರೆಯಾಗಿ ಕಾಣುವುದು ಇದರಿಂದ.

1964ರ ಮಾರ್ಚ್ 4ರ ಭದ್ರತಾ ಮಂಡಳಿಯ 186ನೆಯ ನಿರ್ಣಯದಂತೆ ಶಾಂತಿಪಾಲನಾ ಪಡೆ ಬಂತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ, ಎರಡನೆಯವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. 1964ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡ ತಿಮ್ಮಯ್ಯ 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ಪಟ್ಟಣದ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ. 1974ರ ಯುದ್ಧದ ಹೊತ್ತಿನಲ್ಲಿ ಪಡೆಯ ನೇತೃತ್ವ ವಹಿಸಿದ್ದವರೂ ಭಾರತದವರೇ, ಪ್ರೇಮ್ ಚಂದ್.

ಆ ವರ್ಷದ ಜುಲೈ 15ರಂದು ಅಥೆನ್ಸಿನ ಸೇನಾಡಳಿತದ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಜಾಮೀನುದಾರನ ಹಕ್ಕನ್ನು ಮುಂದುಮಾಡಿ ಟರ್ಕಿ ಜುಲೈ 20ರಂದು ಸೇನೆ ಇಳಿಸಿತು. ಆಗಸ್ಟ್ ನಡುವಿನ ಎರಡನೆಯ ದಾಳಿಯ ಕೊನೆಗೆ ಗೆರೆ ಈಗಿರುವಲ್ಲಿಗೆ ಬಂದು ನಿಂತಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ಮನೆ ಬಿಟ್ಟು ದಕ್ಷಿಣಕ್ಕೆ ಓಡಿದರು. ಹತ್ತಾರು ಸಾವಿರ ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು. 1975ರ ವಿಯೆನ್ನಾ ಒಪ್ಪಂದ ಉಳಿದವರ ಸ್ಥಳಾಂತರಕ್ಕೆ ದಾರಿ ಮಾಡಿಕೊಟ್ಟಿತು. ಟರ್ಕಿಯಿಂದ ಬಂದು ನೆಲೆಸಿದವರು ಆಮೇಲೆ ಉತ್ತರದ ಜನಸಂಖ್ಯೆಗೆ ಸೇರಿಕೊಂಡರು. 1983ರ ನವೆಂಬರ್ 15ರಂದು ಉತ್ತರದ ನಾಯಕತ್ವ ಪ್ರತ್ಯೇಕ ಗಣರಾಜ್ಯವನ್ನು ಘೋಷಿಸಿತು. ಭದ್ರತಾ ಮಂಡಳಿ ತನ್ನ 541 ಮತ್ತು 550ನೆಯ ನಿರ್ಣಯಗಳಲ್ಲಿ ಅದನ್ನು ಅಸಿಂಧು ಎಂದಿತು.

ಪ್ರವೇಶ ಮತ್ತು ದಾಟು

ಇಪ್ಪತ್ತೊಂಬತ್ತು ವರ್ಷ ಸಾಮಾನ್ಯರು ಗೆರೆ ದಾಟುವಂತಿರಲಿಲ್ಲ. 2003ರ ಏಪ್ರಿಲ್ 23ರಂದು ಉತ್ತರದ ಆಡಳಿತ ಇದ್ದಕ್ಕಿದ್ದಂತೆ ದಾರಿ ತೆರೆಯಿತು. ತಮ್ಮ ಹಳೆಯ ಮನೆಗಳನ್ನು ನೋಡಲು ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತರು. ಅನೇಕರಿಗೆ ಬಾಗಿಲು ತೆರೆದವರು ಆ ಮನೆಯಲ್ಲಿ ಅದಾಗಲೇ ಮಕ್ಕಳನ್ನು ಬೆಳೆಸಿದ್ದ ಇನ್ನೊಂದು ನಿರಾಶ್ರಿತ ಕುಟುಂಬದವರು. ಕಾಫಿ ಕೊಟ್ಟು, ಎತ್ತಿಟ್ಟಿದ್ದ ಹಳೆಯ ಫೋಟೊಗಳನ್ನು ಹಿಂತಿರುಗಿಸಿದವರೂ ಇದ್ದರು. ಈಗ ಒಂಬತ್ತು ದಾಟುಠಾಣೆಗಳಿವೆ. ಕೊನೆಯ ಎರಡು, ದೆರಿನಿಯಾ ಮತ್ತು ಲೆಫ್ಕಾ–ಅಪ್ಲಿಚಿ, 2018ರ ನವೆಂಬರಿನಲ್ಲಿ ತೆರೆದವು. ನಿಕೋಸಿಯಾದ ಲೆದ್ರಾ ಬೀದಿಯದು ನಡೆದು ಹೋಗುವವರಿಗಷ್ಟೇ. ವಾಹನಗಳ ದಟ್ಟಣೆ ಹೆಚ್ಚಿರುವುದು ಆಯಿಯೋಸ್ ದೊಮೆತಿಯೋಸ್ ಠಾಣೆಯಲ್ಲಿ. 2020ರ ಕೋವಿಡ್ ಕಾಲದಲ್ಲಿ ಠಾಣೆಗಳೆಲ್ಲ ಮುಚ್ಚಿ, ಗೆರೆಯಾಚೆ ಕೆಲಸಕ್ಕೂ ಶಾಲೆಗೂ ಹೋಗುತ್ತಿದ್ದವರು ತಿಂಗಳುಗಟ್ಟಲೆ ಸಿಕ್ಕಿಕೊಂಡರು. ದಾಟುವುದು ದಿನದ ರೂಢಿಯಾಗಿದ್ದರೂ ಅದು ಆಡಳಿತಗಳ ಮರ್ಜಿಗೆ ಬಿಟ್ಟ ವಿಷಯವೆಂಬುದು ಆಗ ಮತ್ತೆ ಗೊತ್ತಾಯಿತು.

ವಿದೇಶಿಯರಿಗೆ ಮುಖ್ಯವಾದದ್ದು ಮೊದಲ ಹೆಜ್ಜೆ. ದಕ್ಷಿಣದ ಲಾರ್ನಕಾ ಮತ್ತು ಪಾಫೋಸ್ ವಿಮಾನ ನಿಲ್ದಾಣಗಳೂ ಲಿಮಸೋಲ್ ಮೊದಲಾದ ಬಂದರುಗಳೂ ಗಣರಾಜ್ಯದ ಅಧಿಕೃತ ಪ್ರವೇಶದ್ವಾರಗಳು. ಉತ್ತರದ ಎರ್ಜಾನ್ ನಿಲ್ದಾಣಕ್ಕೆ ವಿಮಾನಗಳು ಟರ್ಕಿಯ ಮೂಲಕವೇ ಹೋಗಬೇಕು; ಗಣರಾಜ್ಯದ ಲೆಕ್ಕದಲ್ಲಿ ಅಲ್ಲಿ ಇಳಿಯುವುದು ಅಕ್ರಮ ಪ್ರವೇಶ. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಇದರಿಂದ ಹೆಚ್ಚಿನ ತೊಡಕಿಲ್ಲ. ಭಾರತದಂಥ ಹೊರದೇಶದವರ ಪಾಡು ಬೇರೆ: ಉತ್ತರದಿಂದ ಬಂದವರನ್ನು ಠಾಣೆಯಲ್ಲೇ ತಡೆದು ವಾಪಸು ಕಳಿಸಬಹುದು. ಉತ್ತರದ ವಿಶ್ವವಿದ್ಯಾಲಯಗಳಲ್ಲಿ ಓದುವ ವಿದ್ಯಾರ್ಥಿಗೆ ನಡೆದು ಹೋಗುವಷ್ಟು ಹತ್ತಿರವಿರುವ ದಕ್ಷಿಣ ನಿಕೋಸಿಯಾ ಕೈಗೆಟುಕದ ಊರಾಗಿ ಉಳಿಯುವುದು ಇದೇ ಕಾರಣಕ್ಕೆ. ಉತ್ತರದ ವೀಸಾ ಅಥವಾ ವಿದ್ಯಾರ್ಥಿ ಪರವಾನಗಿ ದಕ್ಷಿಣದಲ್ಲಿ ಬರೀ ಕಾಗದ. ದಕ್ಷಿಣದಲ್ಲಿ ಕಾನೂನುಬದ್ಧವಾಗಿ ಇರುವವರು ಉತ್ತರಕ್ಕೆ ಹೋಗಿ ಬರುವುದು ಇದಕ್ಕೆ ಹೋಲಿಸಿದರೆ ಸುಲಭ. ಆದರೂ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕೈಯಲ್ಲಿರಬೇಕು, ರಾಷ್ಟ್ರೀಯತೆಗೆ ತಕ್ಕಂತೆ ನಿಯಮ ಬದಲಾಗುತ್ತದೆ. ಸೈಪ್ರಸ್ 2025ರವರೆಗೂ ಷೆಂಗೆನ್ ವಲಯಕ್ಕೆ ಸೇರಿರಲಿಲ್ಲ ಎಂಬುದೂ ವೀಸಾ ಅರ್ಜಿ ಹಾಕುವವರ ಗಮನದಲ್ಲಿರಬೇಕು.

ಭಾರತ ಮಾನ್ಯ ಮಾಡಿರುವುದು ಗಣರಾಜ್ಯವನ್ನು ಮಾತ್ರ. ಭಾರತದ ಹೈಕಮಿಷನ್ ಇರುವುದು ನಿಕೋಸಿಯಾದ ದಕ್ಷಿಣ ಭಾಗದಲ್ಲಿ. ಉತ್ತರದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು, ಸಂಬಳ ಸಿಗದವರು, ಕಾಲೇಜಿನ ಮೋಸಕ್ಕೆ ಸಿಕ್ಕವರು ಆ ಕಚೇರಿಯ ಬಾಗಿಲಿಗೆ ನಡೆದು ಹೋಗುವಂತಿಲ್ಲ. ಉತ್ತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ. ಫಮಗುಸ್ತಾದ ಪೂರ್ವ ಮೆಡಿಟರೇನಿಯನ್ ವಿಶ್ವವಿದ್ಯಾಲಯ 1979ರಷ್ಟು ಹಿಂದಿನದು. ಪದವಿಗೆ ತಾಯ್ನಾಡಿನಲ್ಲಿ ಮಾನ್ಯತೆ ಉಂಟೇ ಎಂಬುದನ್ನು ಏಜೆಂಟರ ಮಾತಿನಿಂದ ತಿಳಿಯುವುದು ಸಾಧ್ಯವಿಲ್ಲ. ಶುಲ್ಕ ಕಟ್ಟುವ ಮುಂಚೆ ವಿಚಾರಿಸಬೇಕಾದ ಸಂಗತಿ ಅದು.

ಮನೆ, ನೆಲ, ಕೊಚಾನ್

ಹೊಸಬರು ಅತಿ ಹೆಚ್ಚು ಕಳೆದುಕೊಳ್ಳಬಹುದಾದ ವಿಷಯ ಸ್ಥಿರಾಸ್ತಿ. ಆಸ್ತಿಯ ಹಕ್ಕುಪತ್ರಕ್ಕೆ ಉತ್ತರದವರು ಕೊಚಾನ್ ಎನ್ನುತ್ತಾರೆ, ದಕ್ಷಿಣದ ಆಡುಮಾತಿನಲ್ಲೂ ಹೆಚ್ಚುಕಡಿಮೆ ಅದೇ ಪದವಿದೆ. ಉತ್ತರದಲ್ಲಿ ಕೊಚಾನ್ ಒಂದೇ ಬಗೆಯದಲ್ಲ. 1974ಕ್ಕೆ ಮುಂಚೆಯೇ ತುರ್ಕಿ ಸೈಪ್ರಿಯಟರ ಅಥವಾ ವಿದೇಶಿಯರ ಹೆಸರಿನಲ್ಲಿದ್ದ ಜಮೀನಿನ ಪತ್ರ ಒಂದು ಬಗೆ. ಅದಕ್ಕೆ ತಕರಾರು ಕಡಿಮೆ, ಬೆಲೆ ಹೆಚ್ಚು. ದಕ್ಷಿಣದಲ್ಲಿ ಆಸ್ತಿ ಬಿಟ್ಟು ಬಂದ ತುರ್ಕಿ ಸೈಪ್ರಿಯಟರಿಗೆ ಬದಲಿಯಾಗಿ ಕೊಟ್ಟ, ಮೂಲದಲ್ಲಿ ಗ್ರೀಕ್ ಸೈಪ್ರಿಯಟರದಾದ ಜಮೀನಿನದು ಎರಡನೆಯದು. ಟರ್ಕಿಯಿಂದ ಬಂದವರಿಗೆ ಮತ್ತಿತರರಿಗೆ ಆಡಳಿತ ಮಂಜೂರು ಮಾಡಿದ್ದು ಮೂರನೆಯದು. ಕೈರೇನಿಯಾ ಕರಾವಳಿಯಲ್ಲಿ ಸಮುದ್ರ ಕಾಣುವ ವಿಲ್ಲಾ ಅಗ್ಗಕ್ಕೆ ಸಿಗುತ್ತಿದ್ದರೆ ಅಗ್ಗದ ಕಾರಣ ಬಹುಮಟ್ಟಿಗೆ ಅದರ ಕೊಚಾನಿನಲ್ಲಿ ಇರುತ್ತದೆ.

ಕೈರೇನಿಯಾ ಮೂಲದ ಗ್ರೀಕ್ ಸೈಪ್ರಿಯಟ್ ಮಹಿಳೆಯೊಬ್ಬರು ಟರ್ಕಿಯ ವಿರುದ್ಧ ಹೂಡಿದ್ದ ದಾವೆಯಲ್ಲಿ, ಅವರ ಜಮೀನಿನ ಒಡೆತನ ಅವರಲ್ಲೇ ಉಳಿದಿದೆ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಲಾಪಿಥೋಸ್ ಊರಿನಲ್ಲಿ ಇಂಥ ಜಮೀನಿನ ಮೇಲೆ ಮನೆ ಕಟ್ಟಿಸಿದ್ದ ಬ್ರಿಟಿಷ್ ದಂಪತಿಯ ಪ್ರಕರಣ ಇನ್ನೂ ಕಣ್ತೆರೆಸುವಂಥದು. ಮನೆ ಕೆಡವಿ ಜಮೀನು ಬಿಟ್ಟುಕೊಡಬೇಕೆಂದು ನಿಕೋಸಿಯಾದ ನ್ಯಾಯಾಲಯ ಆದೇಶಿಸಿತು. ಉತ್ತರದಲ್ಲಿ ಆ ಆದೇಶ ಜಾರಿಗೆ ಬರುವಂತಿರಲಿಲ್ಲ. ಆದರೆ ಅದನ್ನು ಬ್ರಿಟನ್ನಿನಲ್ಲಿ, ಅಂದರೆ ದಂಪತಿಯ ಅಲ್ಲಿನ ಆಸ್ತಿಯ ಮೇಲೆ, ಜಾರಿ ಮಾಡಬಹುದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2009ರಲ್ಲಿ ಹೇಳಿತು. ಮರುವರ್ಷ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಒಡೆಯರ ಒಪ್ಪಿಗೆಯಿಲ್ಲದೆ ಆಸ್ತಿಯನ್ನು ಕೊಳ್ಳುವುದು, ಮಾರುವುದು, ಬಾಡಿಗೆಗೆ ಕೊಡುವುದು ಗಣರಾಜ್ಯದ ದಂಡಸಂಹಿತೆಯ ಪ್ರಕಾರ ಏಳು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ಬಹುಕಾಲ ಪುಸ್ತಕದಲ್ಲೇ ಇದ್ದ ಈ ವಿಧಿಗೆ ಈಚೆಗೆ ಹಲ್ಲು ಬಂದಿದೆ: 2024ರಿಂದ ಉತ್ತರದ ಆಸ್ತಿ ವ್ಯವಹಾರದಲ್ಲಿದ್ದ ಕೆಲವು ವಿದೇಶಿ ಉದ್ಯಮಿಗಳನ್ನೂ ದಲ್ಲಾಳಿಗಳನ್ನೂ ದಕ್ಷಿಣದ ಪೊಲೀಸರು ಬಂಧಿಸಿ ಮೊಕದ್ದಮೆ ಹೂಡಿದ್ದಾರೆ.

ಇದರ ಇನ್ನೊಂದು ಮಗ್ಗುಲನ್ನು ಮಾರಾಟಗಾರರು ಎತ್ತಿ ತೋರಿಸುತ್ತಾರೆ. ಉತ್ತರದಲ್ಲಿ 2006ರಿಂದ ಕೆಲಸ ಮಾಡುತ್ತಿರುವ ಸ್ಥಿರಾಸ್ತಿ ಆಯೋಗ ಮೂಲ ಒಡೆಯರ ಅರ್ಜಿ ಪಡೆದು ಪರಿಹಾರ, ಬದಲಿ ಜಮೀನು ಅಥವಾ ಅಪರೂಪಕ್ಕೆ ಆಸ್ತಿಯನ್ನೇ ಕೊಡುತ್ತದೆ. ಅದು ತಕ್ಕ ಪರಿಹಾರಮಾರ್ಗವೆಂದು ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಒಪ್ಪಿದೆ. ನಿಜ. ಹಾಗೆಂದು ಆಯೋಗದ ಮುಂದೆ ಇನ್ನೂ ಇತ್ಯರ್ಥವಾಗದ ಜಮೀನನ್ನು ಕೊಂಡವರಿಗೆ ಅದರಿಂದ ರಕ್ಷಣೆ ಸಿಕ್ಕಂತಾಗುವುದಿಲ್ಲ.

ದಕ್ಷಿಣದಲ್ಲೂ ವಿಚಾರಿಸದೆ ಮುಂದುವರಿಯುವಂತಿಲ್ಲ. ತುರ್ಕಿ ಸೈಪ್ರಿಯಟರು ಬಿಟ್ಟುಹೋದ ಮನೆ–ಹೊಲಗಳ ಒಡೆತನ ಅವರದೇ. 1991ರ ಕಾಯ್ದೆಯಂತೆ ಒಳಾಡಳಿತ ಸಚಿವರು ಅವುಗಳ ಪಾಲಕರು. ಮೊದಲ ಹಕ್ಕು ಗ್ರೀಕ್ ಸೈಪ್ರಿಯಟ್ ನಿರಾಶ್ರಿತರದು. ಲಾರ್ನಕಾ, ಲಿಮಸೋಲ್, ಪಾಫೋಸ್‌ಗಳ ಹಳೆಯ ತುರ್ಕಿ ಕೇರಿಗಳ ಕಲ್ಲುಮನೆಯೊಂದನ್ನು ಯಾರಾದರೂ ಕೈಬದಲಿ ಬಾಡಿಗೆಗೆ ಕೊಡಲು ಮುಂದೆ ಬಂದರೆ, ಕೊಡುವವರಿಗೆ ಆ ಅಧಿಕಾರ ಉಂಟೇ ಎಂದು ಮೊದಲು ನೋಡಬೇಕಾಗುತ್ತದೆ.

ಹಣ, ಫೋನು, ಅಂಚೆ, ಗಡಿಯಾರ

ದಕ್ಷಿಣದಲ್ಲಿ 2008ರಿಂದ ಯೂರೊ ಚಲಾವಣೆಯಲ್ಲಿದೆ. ಉತ್ತರದ ಹಣ ತುರ್ಕಿ ಲಿರಾ. ಲಿರಾದ ಮೌಲ್ಯ ಕುಸಿಯುತ್ತ ಬಂದಿರುವುದರಿಂದ ಉತ್ತರದ ಜೀವನದಲ್ಲಿ ಒಂದು ವಿಚಿತ್ರ ಇಕ್ಕಟ್ಟು ಸೇರಿಕೊಂಡಿದೆ: ಸಂಬಳ ಲಿರಾದಲ್ಲಿ, ಮನೆ ಬಾಡಿಗೆ ಬಹುಪಾಲು ಬ್ರಿಟಿಷ್ ಪೌಂಡಿನಲ್ಲಿ. ಅತ್ತ ದಕ್ಷಿಣದವರು ಪೆಟ್ರೋಲು, ಔಷಧಿ, ತರಕಾರಿಗಾಗಿ ಉತ್ತರಕ್ಕೆ ಹೋಗುತ್ತಾರೆ. ವಾಪಸು ಬರುವಾಗ ಮಿತಿ ಇದೆ. 2004ರ ಐರೋಪ್ಯ ಹಸಿರು ಗೆರೆ ನಿಯಮಾವಳಿಯಂತೆ ಒಬ್ಬರು 40 ಸಿಗರೇಟು, ಒಂದು ಲೀಟರ್ ಮದ್ಯ, ಒಟ್ಟು 260 ಯೂರೊ ಬೆಲೆಯ ಸ್ವಂತ ಬಳಕೆಯ ಸರಕು ತರಬಹುದು.

ದಕ್ಷಿಣದ ದೂರವಾಣಿ ಸಂಕೇತ 357. ಉತ್ತರದ್ದು ಟರ್ಕಿಯ 90, ಅದರ ಮುಂದೆ 392. ಗೆರೆಯ ಹತ್ತಿರ ವಾಸಿಸುವವರ ಫೋನು ಗೋಡೆಯಾಚೆಯ ಗೋಪುರಕ್ಕೆ ಜಾರಿ ಮಾತು ನಿಲ್ಲುವುದು ಅಲ್ಲಿನ ಹಳೆಯ ಗೊಣಗಾಟ. ಉತ್ತರಕ್ಕೆ ಹೊರದೇಶದಿಂದ ಬರುವ ಅಂಚೆಗೆ ‘ಮೆರ್ಸಿನ್ 10, ಟರ್ಕಿ’ ಎಂಬ ವಿಳಾಸ ಬರೆಯಬೇಕು. ‘ಸೈಪ್ರಸ್’ ಎಂದಷ್ಟೇ ಬರೆದ ಕಾಗದ ದಕ್ಷಿಣಕ್ಕೆ ಹೋಗುತ್ತದೆ. 2016ರ ಚಳಿಗಾಲದಲ್ಲಿ ಟರ್ಕಿ ಗಡಿಯಾರ ಹಿಂದೆ ತಿರುಗಿಸುವ ಪದ್ಧತಿ ಬಿಟ್ಟಾಗ ಉತ್ತರವೂ ಅದನ್ನೇ ಅನುಸರಿಸಿ, ಒಂದೇ ಊರಿನ ಎರಡು ಬೀದಿಗಳ ನಡುವೆ ಒಂದು ಗಂಟೆಯ ಅಂತರ ಉಂಟಾಗಿತ್ತು. ಕತ್ತಲಲ್ಲೇ ಶಾಲೆಗೆ ಹೊರಡಬೇಕಾದ ಮಕ್ಕಳ ತಂದೆತಾಯಿಗಳು ಪ್ರತಿಭಟಿಸಿದರು. ಮರುವರ್ಷ ಉತ್ತರ ಹಳೆಯ ಕ್ರಮಕ್ಕೆ ಮರಳಿತು.

ದಕ್ಷಿಣದ ವಾಹನ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ. ಠಾಣೆಯ ಪಕ್ಕದ ಗೂಡಂಗಡಿಯಲ್ಲೇ ಅಲ್ಪಾವಧಿಯ ವಿಮೆ ಮಾಡಿಸಬೇಕು. ಬಾಡಿಗೆ ಕಾರನ್ನು ಆಚೆ ಒಯ್ಯಲು ಎಷ್ಟೋ ಕಂಪನಿಗಳು ಬಿಡುವುದಿಲ್ಲ, ಬಿಟ್ಟರೂ ಅಪಘಾತದ ಹೊಣೆ ಹೊರುವುದಿಲ್ಲ. ಆರೋಗ್ಯ ವಿಮೆಯದೂ ಇದೇ ಕಥೆ.

ನಿಕೋಸಿಯಾ

ರಾಜಧಾನಿಯಲ್ಲಿ ಗೆರೆ ಅತಿ ಕಿರಿದಾಗುತ್ತದೆ. ಬೇರೆಡೆ ಏಳು ಕಿ.ಮೀ. ಮೀರಿ ಅಗಲವಾಗುವ ನಡುಪಟ್ಟಿ ಹಳೇಪೇಟೆಯ ಕೆಲವೆಡೆ ಒಂದು ಗಾಡಿ ಹೋಗುವ ಗಲ್ಲಿಯಷ್ಟಿದೆ. 1567ರಲ್ಲಿ ವೆನಿಸ್‌ನವರು ಕಟ್ಟಿಸಲು ತೊಡಗಿದ ದುಂಡನೆಯ ಕೋಟೆಗೋಡೆಗೆ ಹನ್ನೊಂದು ಕೊತ್ತಲಗಳು. ಐದು ದಕ್ಷಿಣಕ್ಕೆ ಸೇರಿವೆ, ಐದು ಉತ್ತರಕ್ಕೆ. ಉಳಿದ ಒಂದು, ಫ್ಲಾತ್ರೊ, ವಿಶ್ವಸಂಸ್ಥೆಯ ಪಟ್ಟಿಯೊಳಗೆ ಬಿದ್ದಿದೆ. ಎರಡೂ ಕಡೆಯ ಎಷ್ಟೋ ಬೀದಿಗಳು ಡ್ರಮ್ಮು, ಮರಳುಮೂಟೆ, ತಗಡಿನ ತಡೆಗೆ ಬಂದು ಮುಟ್ಟಿ ನಿಂತುಬಿಡುತ್ತವೆ. ಅಲ್ಲಿ ಫೋಟೊ ತೆಗೆಯಬಾರದೆಂಬ ಫಲಕವಿರುತ್ತದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಕಾವಲಿನ ಸೈನಿಕರು ಫೋಟೊ ಅಳಿಸುವವರೆಗೆ ಬಿಡುವುದಿಲ್ಲ. ಪಟ್ಟಿಯೊಳಗಿನ ಒಂದು ನೆಲಮಾಳಿಗೆಯಲ್ಲಿ 1974ರಲ್ಲಿ ಮಾರಾಟಕ್ಕೆ ಬಂದಿದ್ದ ಹೊಸ ಟೊಯೊಟಾ ಕಾರುಗಳು ಧೂಳು ಹೊದ್ದು ನಿಂತಿವೆ.

ಲೆದ್ರಾ ಬೀದಿ 2008ರ ಏಪ್ರಿಲ್ 3ರಂದು ತೆರೆಯಿತು. ದಕ್ಷಿಣದ ತುದಿಯಲ್ಲಿ ಐಸ್‌ಕ್ರೀಮ್, ಬಟ್ಟೆ, ಪಾದರಕ್ಷೆಯ ಅಂಗಡಿಗಳ ಸಾಲು ಮುಗಿಯುತ್ತಲೇ ಗಣರಾಜ್ಯದ ಪೊಲೀಸರ ಗೂಡು. ಅಲ್ಲಿಂದ ಕೆಲವು ಹತ್ತು ಮೀಟರ್ ದೂರ ಎಡಬಲದಲ್ಲಿ ಆಧಾರ ಕೊಟ್ಟು ನಿಲ್ಲಿಸಿದ ಪಾಳು ಗೋಡೆಗಳು, ಹೂಕುಂಡಗಳು. ಆಮೇಲೆ ಉತ್ತರದ ಗಾಜಿನ ಕಿಟಕಿ. ಅಧಿಕಾರಿ ಪಾಸ್‌ಪೋರ್ಟ್ ನೋಡಿ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ದಾಟಿದರೆ ನಕಲಿ ಬ್ರಾಂಡಿನ ಚೀಲಗಳ ಅಂಗಡಿಗಳು, ಲಿರಾ ಬದಲಿಸುವವರು, ಸ್ವಲ್ಪ ದೂರದಲ್ಲಿ 1572ರ ಬುಯುಕ್ ಹಾನ್ ಎಂಬ ಛತ್ರ, ಹದಿಮೂರನೆಯ ಶತಮಾನದ ಸಂತ ಸೋಫಿಯಾ ಕೆಥೆಡ್ರಲ್ ಆಗಿದ್ದು ಈಗ ಮಿನಾರು ಹೊತ್ತ ಸೆಲಿಮಿಯೆ ಮಸೀದಿ. ಇಡೀ ದಾಟಿಗೆ ಸರದಿ ಇಲ್ಲದಿದ್ದರೆ ಐದು ನಿಮಿಷ ಸಾಕು. ಪಶ್ಚಿಮಕ್ಕೆ, ಪಟ್ಟಿಯೊಳಗೆ, 1974ರಿಂದ ಪ್ರಯಾಣಿಕರು ಕಾಲಿಡದ ಹಳೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಆವರಣದಲ್ಲಿ ಶಾಂತಿಪಡೆಯ ಪ್ರಧಾನ ಕಚೇರಿ.

ಬೇರ್ಪಡದ ಸೌಕರ್ಯಗಳು

ಊರನ್ನು ಹೋಳು ಮಾಡಿದರೂ ಅದರ ಚರಂಡಿಯನ್ನು ಮಾಡಲಾಗಲಿಲ್ಲ. ನಿಕೋಸಿಯಾದ ನೆಲ ಉತ್ತರ–ಪೂರ್ವಕ್ಕೆ ಇಳಿಜಾರು. ದಕ್ಷಿಣದ ಕೊಳಚೆ ಹರಿದು ಹೋಗಬೇಕಾದ ಶುದ್ಧೀಕರಣ ಘಟಕ ಉತ್ತರದ ಮಿಯಾ ಮಿಲಿಯಾದಲ್ಲಿತ್ತು. ತುರ್ಕಿ ಹೆಸರು ಹಾಸ್ಪೊಲತ್. ಯುದ್ಧದ ಗಾಯ ಇನ್ನೂ ಹಸಿಯಿದ್ದ 1970ರ ದಶಕದ ಕೊನೆಯಲ್ಲಿ ಗ್ರೀಕ್ ಭಾಗದ ಮೇಯರ್ ಲೆಲ್ಲೊಸ್ ದೆಮೆತ್ರಿಯಾದಿಸ್ ಮತ್ತು ತುರ್ಕಿ ಭಾಗದ ಮುಸ್ತಫಾ ಅಕಿಂಜಿ ಈ ಕೊಳಚೆಯ ವಿಷಯದಲ್ಲಿ ಕೈಜೋಡಿಸಿದರು. 1979ರಲ್ಲಿ ಅದರಿಂದಲೇ ಇಡೀ ನಗರಕ್ಕೆ ಒಂದೇ ಮಾಸ್ಟರ್ ಪ್ಲಾನ್ ಬೆಳೆಯಿತು. ಹಳೇಪೇಟೆಯ ಜೀರ್ಣೋದ್ಧಾರಕ್ಕೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಕಿಂಜಿ ಮುಂದೆ ತುರ್ಕಿ ಸೈಪ್ರಿಯಟರ ನಾಯಕರೂ ಆದರು. ರಾಜಕಾರಣಿಗಳ ಶೃಂಗಸಭೆಗಳು ಅರ್ಧ ಶತಮಾನದಲ್ಲಿ ಸಾಧಿಸದಷ್ಟನ್ನು ಈ ಒಳಚರಂಡಿ ಸಾಧಿಸಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ವಿದ್ಯುತ್ತು 1990ರ ದಶಕದವರೆಗೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿತ್ತು. 2011ರ ಜುಲೈ 11ರಂದು ದಕ್ಷಿಣದ ಮಾರಿ ನೌಕಾನೆಲೆಯಲ್ಲಿ ಬಯಲಿನಲ್ಲೇ ಪೇರಿಸಿಟ್ಟಿದ್ದ ಸ್ಫೋಟಕಗಳು ಸಿಡಿದು 13 ಜನ ಸತ್ತು, ಪಕ್ಕದ ವಾಸಿಲಿಕೋಸ್ ವಿದ್ಯುತ್ ಸ್ಥಾವರ ನಾಶವಾದಾಗ ಹರಿವು ತಿರುಗಿತು. ಕೆಲವು ತಿಂಗಳು ಉತ್ತರ ದಕ್ಷಿಣಕ್ಕೆ ವಿದ್ಯುತ್ ಮಾರಿತು. ನೀರಿನ ಬರ ಇಬ್ಬರಿಗೂ ಸಮಾನ. 2008ರಲ್ಲಿ ದಕ್ಷಿಣ ಗ್ರೀಸಿನಿಂದ ಹಡಗಿನಲ್ಲಿ ನೀರು ತರಿಸಿತು. ಈಗ ಹೆಚ್ಚಾಗಿ ಸಮುದ್ರದ ನೀರು ಸಿಹಿಗೊಳಿಸುವ ಘಟಕಗಳನ್ನು ನೆಚ್ಚಿದೆ. ಉತ್ತರಕ್ಕೆ 2015ರಿಂದ ಟರ್ಕಿಯ ನೀರು ಸಮುದ್ರದೊಳಗಿನ ಸುಮಾರು 80 ಕಿ.ಮೀ. ಕೊಳವೆಯಲ್ಲಿ ಬರುತ್ತದೆ, ವರ್ಷಕ್ಕೆ 7.5 ಕೋಟಿ ಘನಮೀಟರ್ ಅದರ ಸಾಮರ್ಥ್ಯ. ನೀರಿನ ಜೊತೆಗೆ ಅವಲಂಬನೆಯೂ ಬಂತು ಎಂಬ ಗೊಣಗು ಉತ್ತರದಲ್ಲೇ ಕೇಳಿಬರುತ್ತದೆ.

ನಡುವಿನ ಜನ

ನಡುಪಟ್ಟಿ ಪೂರ್ತಿ ನಿರ್ಜನವಲ್ಲ. ಅಥಿಯೆನು, ದೆನಿಯಾ ಮೊದಲಾದ ಊರುಗಳಲ್ಲಿ ಜನ ವಾಸಿಸುತ್ತಾರೆ, ಅನುಮತಿ ಪಡೆದು ಬೇಸಾಯ ಮಾಡುತ್ತಾರೆ. ಲಾರ್ನಕಾ ಬಳಿಯ ಪಿಲಾ ಇಂದಿಗೂ ಎರಡೂ ಸಮುದಾಯದವರು ಒಟ್ಟಿಗೆ ವಾಸಿಸುವ, ಪಟ್ಟಿಯೊಳಗಿನ ಏಕೈಕ ಹಳ್ಳಿ; ಎರಡು ಕಾಫಿ ಅಂಗಡಿ, ಇಬ್ಬರು ಮುಖ್ಯಸ್ಥರು. ಅದನ್ನು ಸೌಹಾರ್ದದ ಚಿತ್ರವೆಂದು ಮಾತ್ರ ಕಾಣುವವರಿಗೆ 2023ರ ಆಗಸ್ಟ್ ನೆನಪಿರಬೇಕು. ಉತ್ತರದಿಂದ ಊರಿಗೆ ರಸ್ತೆ ಮಾಡುವ ತಕರಾರಿನಲ್ಲಿ ಆಗ ಶಾಂತಿಪಡೆಯವರ ಮೇಲೆಯೇ ಹಲ್ಲೆಯಾಯಿತು. ಉತ್ತರದ ಕಾರ್ಪಾಸ್ ಪರ್ಯಾಯದ್ವೀಪದಲ್ಲಿ ಬೆರಳೆಣಿಕೆಯ ಗ್ರೀಕ್ ಕುಟುಂಬಗಳು, ಕೊರ್ಮಕಿತಿಸ್‌ನಲ್ಲಿ ಅರಬ್ಬಿಯ ಒಂದು ವಿಶಿಷ್ಟ ನುಡಿಯನ್ನಾಡುವ ಮಾರೊನೈಟ್ ಕ್ರೈಸ್ತರು ಉಳಿದಿದ್ದಾರೆ. ಬ್ರಿಟಿಷ್ ನೆಲೆಗಳ ಒಳಗೂ ಸೈಪ್ರಿಯಟರ ಹಳ್ಳಿಗಳಿವೆ. ಒಳಹೋಗಲು ತಪಾಸಣೆಯಿಲ್ಲ, ಹಣ ಯೂರೊ, ಆದರೆ ಪೊಲೀಸರು ಬೇರೆ, ನ್ಯಾಯಾಲಯ ಬೇರೆ.

ತುರ್ಕಿ ಸೈಪ್ರಿಯಟರು ಗಣರಾಜ್ಯದ ಪ್ರಜೆಗಳೂ ಹೌದು. ಅನೇಕರ ಬಳಿ ಅದರ ಪಾಸ್‌ಪೋರ್ಟ್ ಇದೆ. ಅದರ ಮೇಲೆ ಗ್ರೀಕ್ ಜೊತೆ ತುರ್ಕಿಯೂ ಅಚ್ಚಾಗಿರುತ್ತದೆ, ಎರಡೂ ಸಂವಿಧಾನದ ಅಧಿಕೃತ ಭಾಷೆಗಳಾದ್ದರಿಂದ. ತಂದೆ ಅಥವಾ ತಾಯಿ ಟರ್ಕಿಯವರಾದ ಎಷ್ಟೋ ಮಕ್ಕಳಿಗೆ ಆ ಪೌರತ್ವ ಸಿಗದಿರುವುದು ಅವರ ಮನೆಗಳಲ್ಲಿ ಬಹಳ ನೋವಿನ ವಿಷಯ. ದಕ್ಷಿಣದಲ್ಲಿರುವ ಭಾರತೀಯರಲ್ಲಿ ಮನೆಗೆಲಸದವರು, ಕೃಷಿಕಾರ್ಮಿಕರು, ವಿದ್ಯಾರ್ಥಿಗಳು, ಲಿಮಸೋಲಿನ ಹಡಗು ಕಂಪನಿಗಳ ಮತ್ತು ಐಟಿ ಉದ್ಯೋಗಿಗಳು ಸೇರಿದ್ದಾರೆ. ಮನೆಗೆಲಸದವರ ಪರವಾನಗಿ ಒಬ್ಬ ಉದ್ಯೋಗದಾತರಿಗೆ ಕಟ್ಟುಬಿದ್ದಿರುತ್ತದೆ.

ಮಾತು ಮತ್ತು ನೆನಪು

ಜುಲೈ 15ರ ಬೆಳಗ್ಗೆ 8.20ಕ್ಕೆ, ಜುಲೈ 20ರ ನಸುಕಿನ 5.30ಕ್ಕೆ ದಕ್ಷಿಣದಲ್ಲಿ ಸೈರನ್ ಕೂಗುತ್ತದೆ. ಹೊಸಬರು ಗಾಬರಿಬೀಳುವುದುಂಟು, ಅವು ಕ್ಷಿಪ್ರಕ್ರಾಂತಿಯೂ ಟರ್ಕಿಯ ಸೇನೆಯ ಆಗಮನವೂ ನಡೆದ ಗಳಿಗೆಗಳು. ಅದೇ 20ರಂದು ಉತ್ತರದಲ್ಲಿ ಹಬ್ಬ, ಕವಾಯತು. ದಕ್ಷಿಣದವರಿಗೆ ಅದು ಆಕ್ರಮಣ, ಉತ್ತರದ ಅಧಿಕೃತ ಭಾಷೆಯಲ್ಲಿ ಶಾಂತಿ ಕಾರ್ಯಾಚರಣೆ. ಊರುಗಳಿಗೂ ಎರಡೆರಡು ಹೆಸರು: ಕೈರೇನಿಯಾ ಉತ್ತರದಲ್ಲಿ ಗಿರ್ನೆ, ಮೊರ್ಫು ಗುಜೆಲ್ಯುರ್ತ್. ಬಸ್ಸಿನ ಫಲಕ ಓದಲು ಎರಡೂ ಗೊತ್ತಿರಬೇಕು. ಎದುರಿಗಿರುವವರ ಮುಂದೆ ಯಾವುದನ್ನು ಬಳಸಬೇಕೆಂಬ ಎಚ್ಚರವೂ ಬೇಕು. ಕಾಫಿ ಒಂದೇ ಪಾತ್ರೆಯಲ್ಲಿ ಒಂದೇ ರೀತಿ ಕುದಿದರೂ ದಕ್ಷಿಣದಲ್ಲಿ ಸೈಪ್ರಸ್ ಕಾಫಿ, ಉತ್ತರದಲ್ಲಿ ತುರ್ಕಿ ಕಾಫಿ. ಚೀಸಿನ ವಿಷಯದಲ್ಲಿ ಮಾತ್ರ ರಾಜಿಯಾಗಿದೆ: 2021ರಲ್ಲಿ ಯುರೋಪಿಯನ್ ಒಕ್ಕೂಟ ‘ಹಲ್ಲೂಮಿ’ ಮತ್ತು ‘ಹೆಲ್ಲಿಮ್’ ಎರಡನ್ನೂ ಒಟ್ಟಿಗೆ ನೋಂದಾಯಿಸಿತು.

1963–64 ಮತ್ತು 1974ರ ಹಿಂಸಾಚಾರದಲ್ಲಿ ಕಾಣೆಯಾದವರು 2,002 ಮಂದಿ: 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. 1981ರಲ್ಲಿ ನೇಮಕವಾದ ಜಂಟಿ ಸಮಿತಿಯ ತಜ್ಞರು ಬಾವಿ, ಹೊಲ, ತೋಟಗಳನ್ನು ಅಗೆದು ಸಾವಿರಕ್ಕೂ ಹೆಚ್ಚು ಜನರ ಅಸ್ಥಿಗಳನ್ನು ಗುರುತಿಸಿ ಕುಟುಂಬಗಳಿಗೆ ಒಪ್ಪಿಸಿದ್ದಾರೆ. ಇಷ್ಟು ಸಣ್ಣ ದ್ವೀಪದಲ್ಲಿ ಪರಿಚಯದ ಯಾವ ಮನೆಯಲ್ಲಾದರೂ ಇಂಥದೊಂದು ಕಾಯುವಿಕೆ ಇರಬಹುದು. ಆದ್ದರಿಂದ ‘ಇಷ್ಟು ವರ್ಷವಾಯಿತಲ್ಲ, ಮರೆತುಬಿಡಬಾರದೇ’ ಎಂಬ ಹೊರಗಿನವರ ಸಲಹೆಯನ್ನು ಎರಡೂ ಕಡೆಯವರು ಒಂದೇ ರೀತಿ ತಣ್ಣಗೆ ಕೇಳುತ್ತಾರೆ. ಫಮಗುಸ್ತಾದ ವರೋಶಾ ಬಡಾವಣೆ ಇನ್ನೊಂದು ಹುಣ್ಣು. ಹೋಟೆಲುಗಳ ಸಾಲಿನ ಆ ಕಡಲತೀರ 1974ರಿಂದ ಬೇಲಿಯೊಳಗಿತ್ತು. 2020ರ ಅಕ್ಟೋಬರಿನಲ್ಲಿ ಉತ್ತರ ಅದರ ಒಂದು ಭಾಗವನ್ನು ತೆರೆದಿದೆ. ಪ್ರವಾಸಿಗರು ಬಾಡಿಗೆ ಸೈಕಲ್ಲಿನಲ್ಲಿ ಸುತ್ತುವ ಬೀದಿಗಳ ಮನೆಗಳಿಗೆ ವಾರಸುದಾರರು ಕೆಲವೇ ಕಿ.ಮೀ. ದೂರದಲ್ಲಿದ್ದಾರೆ.

ಸಂಧಾನದ ಸ್ಥಿತಿ

2004ರ ಏಪ್ರಿಲ್ 24ರಂದು, ದ್ವೀಪವನ್ನು ಮತ್ತೆ ಒಂದಾಗಿಸಲು ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಯ ಮೇಲೆ ಎರಡೂ ಕಡೆ ಜನಮತಗಣನೆ ನಡೆಯಿತು. ತುರ್ಕಿ ಸೈಪ್ರಿಯಟರಲ್ಲಿ ಶೇ. 65 ಮಂದಿ ಒಪ್ಪಿದರು. ಗ್ರೀಕ್ ಸೈಪ್ರಿಯಟರಲ್ಲಿ ಶೇ. 76 ಮಂದಿ ಬೇಡವೆಂದರು. ವಾರದೊಳಗೆ, ಮೇ 1ರಂದು, ಇಡೀ ದ್ವೀಪ ಕಾಗದದ ಮೇಲೆ ಯುರೋಪಿಯನ್ ಒಕ್ಕೂಟ ಸೇರಿತು. ಒಕ್ಕೂಟದ ಕಾನೂನು ಉತ್ತರದಲ್ಲಿ ಅಮಾನತಿನಲ್ಲಿದೆ. 2017ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್–ಮೊಂತಾನಾದಲ್ಲಿ ನಡೆದ ಮಾತುಕತೆ ಮುರಿದುಬಿತ್ತು. ವಿಶ್ವಸಂಸ್ಥೆಯ ಚೌಕಟ್ಟು ಎರಡು ವಲಯಗಳ ಒಕ್ಕೂಟ ರಾಜ್ಯ. ಟರ್ಕಿಯೂ ಉತ್ತರದ ನಾಯಕರಾಗಿದ್ದ ಎರ್ಸಿನ್ ತತಾರ್ ಅವರೂ ಕೇಳುತ್ತ ಬಂದದ್ದು ಎರಡು ರಾಷ್ಟ್ರಗಳನ್ನು. 2025ರ ಅಕ್ಟೋಬರಿನ ಚುನಾವಣೆಯಲ್ಲಿ ತತಾರ್ ಅವರನ್ನು ಸೋಲಿಸಿದ ತುಫಾನ್ ಎರ್ಹುರ್ಮನ್ ಒಕ್ಕೂಟದ ಪರವಾಗಿರುವವರು. ಅವರ ಮತ್ತು ದಕ್ಷಿಣದ ಅಧ್ಯಕ್ಷ ನಿಕೋಸ್ ಕ್ರಿಸ್ತೊದುಲಿದಿಸ್ ಅವರ ಮುಂದಿರುವ ವಿಷಯಗಳಲ್ಲಿ ಆಸ್ತಿ, ಭದ್ರತೆ, ಅಧಿಕಾರ ಹಂಚಿಕೆಗಳ ಜೊತೆಗೆ ಹೊಸ ದಾಟುಠಾಣೆಗಳನ್ನು ತೆರೆಯುವ ಪ್ರಶ್ನೆಯೂ ಸೇರಿದೆ.